ಅಟ್ಟದಿಂದ ಇಳಿದ ಗಾಳದ ಕೋಲು

ಕಳೆದ ಆಟಿಯ ಮಳೆಗೆ ಕಟಪಾಡಿಯ ನಮ್ಮ ಹಳೆಯ ಮನೆಯ ಮಾಡು ಸೋರತೊಡಗಿತು. ಹಂಚು ಸರಿಪಡಿಸುವ ಮೊದಲು ಅಟ್ಟವನ್ನು ಬರಿದು ಮಾಡಬೇಕಾಯಿತು. ಮುರಿದ ತೊಟ್ಟಿಲು, ತೂತುಬಿದ್ದ ತಾಮ್ರದ ಹಂಡೆ, ಇವುಗಳ ಹಿಂದೆ ಖಾಕಿ ಬಟ್ಟೆಯ ನೀಳವಾದ ಒಂದು ಚೀಲ. ಬಿಚ್ಚದೆಯೇ ಅದರೊಳಗೇನಿದೆ ಎಂಬುದು ನನಗೆ ಗೊತ್ತಿತ್ತು. ಅದು ನಮ್ಮ ತಂದೆಯವರ ಗಾಳದ ಕೋಲು. 1964ರಿಂದ ಅದನ್ನು ಯಾರೂ ಹೊರತೆಗೆದಿರಲಿಲ್ಲ. ಅದಕ್ಕೆ ಕಾರಣ ನಾನೇ.

ನಮ್ಮ ತಂದೆಯವರು ಘಟ್ಟದ ಮೇಲೆ, ಚಿಕ್ಕಮಗಳೂರು ಸೀಮೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ತೋಟದ ದೊರೆ ಎಲ್ಲವನ್ನೂ ಮಾರಿ ಸ್ವದೇಶಕ್ಕೆ ಹೊರಟಾಗ, 1955ರಲ್ಲಿ, ಅವರೂ ಊರಿಗೆ ಮರಳಿದರು. ಆಗ ನನಗೆ ಎಂಟು ವರ್ಷ. ಒಂದು ಟ್ರಂಕು, ಒಂದು ಕಂಬಳಿ, ಈ ಚೀಲ, ಇಷ್ಟೇ ಅವರ ಗಳಿಕೆ. ಸಂಜೆಯ ಹೊತ್ತು ಉದ್ಯಾವರ ಹೊಳೆಯ ಬದಿಗೆ ಹೋಗಿ, ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸಿ, ಒಂದೆರಡು ಕಾನೆ ಮೀನು ಹಿಡಿದು ತರುತ್ತಿದ್ದರು. ಕೇಳಿದವರಿಗೆ "ದೊರೆ ಕೊಟ್ಟದ್ದು" ಎಂದಷ್ಟೇ ಹೇಳುತ್ತಿದ್ದರು. ಅಷ್ಟು ಬೆಲೆಬಾಳುವ ವಸ್ತುವನ್ನು ಯಾವ ದೊರೆ ಗುಮಾಸ್ತನಿಗೆ ಕೊಟ್ಟಾನು ಎಂದು ಬಂಧುಗಳಲ್ಲಿ ಕೆಲವರು ಮೆಲ್ಲನೆ ಆಡಿಕೊಳ್ಳುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು.

ನಾನು ಕಾಲೇಜು ಸೇರಿದ ವರ್ಷ ಅವರ ಅಂಗಿಯ ಕಿಸೆಯಿಂದ ಕೇಳದೆ ಒಂದು ರೂಪಾಯಿ ತೆಗೆದೆ. ಸಿಕ್ಕಿಬಿದ್ದೆ. ಅವರು ಗದರಿದಾಗ ಹದಿನೇಳರ ಸೊಕ್ಕಿನಲ್ಲಿ, "ನೀವು ಆ ಕೋಲನ್ನು ಕೇಳಿಯೇ ತಂದದ್ದೋ?" ಎಂದುಬಿಟ್ಟೆ. ಅವರು ಉತ್ತರಿಸಲಿಲ್ಲ. ಮರುದಿನ ಬೆಳಗ್ಗೆ ಕೋಲು ಅಟ್ಟ ಸೇರಿತ್ತು. 1984ರಲ್ಲಿ ತೀರಿಕೊಳ್ಳುವವರೆಗೂ ಅವರು ಮತ್ತೆ ಗಾಳ ಹಿಡಿಯಲಿಲ್ಲ. ನಾನು ಕ್ಷಮೆ ಕೇಳಲೂ ಇಲ್ಲ.

ಈಗ ಅದನ್ನು ಕಂಡು ಉತ್ಸಾಹಗೊಂಡವನು ಮುಂಬಯಿಯಿಂದ ಬಂದಿದ್ದ ನನ್ನ ಅಕ್ಕನ ಮಗ. "ಇದು ಇಂಗ್ಲೆಂಡಿನ ಹಾರ್ಡಿ ಕಂಪೆನಿಯದ್ದಾದರೆ ಒಳ್ಳೆಯ ಬೆಲೆ ಉಂಟು ಮಾವ" ಎಂದ. ಆ ಮಾತು ತೀರಾ ಅಸಂಭವವೇನಲ್ಲ. ಬಿಳಿಯರ ಗಾಳದ ಗೀಳಿಗೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪ್ರಸಿದ್ಧ ಗ್ರಂಥ 1873ರಲ್ಲಿ ಮೊದಲು ಪ್ರಕಟವಾದದ್ದು ಮಂಗಳೂರಿನಲ್ಲಿಯೇ. ಶಿಶಿಲದ ಕಪಿಲಾ ನದಿಯಲ್ಲಿ ನಾವು ದೇವರ ಮೀನೆಂದು ಅಕ್ಕಿ ಹಾಕುವ ಮಹಶೀರ್ ಅವರಿಗೆ ಗಾಳದ ಮೀನುಗಳ ರಾಜ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಹವ್ಯಾಸಿಗಳ ಕೈಯಲ್ಲಿ ವಿಲಾಯತಿ ಕೋಲುಗಳಿದ್ದುದು ಸಹಜ.

ಕೋಲನ್ನು ಪರೀಕ್ಷಿಸಲು ಹಡಗಿನಲ್ಲಿ ಇಂಜಿನಿಯರನಾಗಿದ್ದು ನಿವೃತ್ತನಾದ, ಗಾಳದ ಹುಚ್ಚಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಆ ದಿನ ಅವನು ಗುರು, ನಾನು ಶಿಷ್ಯ. ಭೂತಗನ್ನಡಿ ಹಿಡಿದು, "ಮಾಷ್ಟ್ರೇ, ಹೆಸರನ್ನು ಕಡೆಗೆ ಹುಡುಕುವ. ಮೊದಲು ಕೋಲಿನ ಮೈ ನೋಡುವ" ಎಂದ.

ಅವನು ಹೇಳಿಕೊಟ್ಟದ್ದನ್ನು ನಿಮ್ಮ ಉಪಯೋಗಕ್ಕೂ ಬರೆದಿಡುತ್ತೇನೆ. ಕೋಲು ಟೊಳ್ಳಾದ ಫೈಬರ್ ಗ್ಲಾಸಿನದಾದರೆ ಎರಡನೆಯ ಮಹಾಯುದ್ಧದ ನಂತರದ್ದು. ಕಾರ್ಬನ್ನಿನದಾದರೆ 1970ರ ದಶಕದಿಂದೀಚಿನದು. ಹಳೆಯ ಉತ್ತಮ ಕೋಲುಗಳು ಸೀಳುಬಿದಿರಿನವು. ಬಿದಿರನ್ನು ತ್ರಿಕೋನಾಕಾರದ ಪಟ್ಟಿಗಳಾಗಿ ಸೀಳಿ, ಆರು ಪಟ್ಟಿಗಳನ್ನು ಅಂಟಿಸಿದಾಗ ಷಟ್ಕೋನದ ಕೋಲಾಗುತ್ತದೆ. ಇಡಿಯ ಬಿದಿರಾದರೆ ಗೆಣ್ಣು ಸುತ್ತಲೂ ಉಂಗುರದಂತೆ ಕಾಣುತ್ತದೆ. ಸೀಳುಬಿದಿರಿನಲ್ಲಿ ಒಂದೊಂದು ಮುಖದ ಗೆಣ್ಣು ಒಂದೊಂದು ಎತ್ತರದಲ್ಲಿರುತ್ತದೆ. ಆದರೆ ಷಟ್ಕೋನವಾದ ಮಾತ್ರಕ್ಕೆ ಬೆಲೆಬಾಳುವುದೆಂದಲ್ಲ. ಯುದ್ಧಾನಂತರ ಜಪಾನಿನಿಂದ ಅಗ್ಗದ ಸೀಳುಬಿದಿರಿನ ಕೋಲುಗಳೂ ಹೇರಳವಾಗಿ ಬಂದವು. ತಯಾರಕರ ಹೆಸರನ್ನು ಹಿಡಿಕೆಯ ಮೇಲ್ಗಡೆ ಶಾಯಿಯಲ್ಲಿ ಬರೆದಿರಬಹುದು, ಇಲ್ಲವೇ ಲೋಹದ ಮೇಲೆ ಅಚ್ಚೊತ್ತಿರಬಹುದು. ಹಾರ್ಡಿಯವರ ಸೀಳುಬಿದಿರಿನ ಕೋಲುಗಳಲ್ಲಿ 'ಪಾಲಕೋನಾ' ಎಂಬ ಮುದ್ರೆ ಕಾಣಸಿಗುತ್ತದೆ. ಹೊಳಪು ಬರಲೆಂದು ಮರಳುಕಾಗದ ಹಾಕಿ ಉಜ್ಜಿದರೆ ಗುರುತೆಲ್ಲ ಅಳಿಸಿಹೋಗುತ್ತದೆ.

ನಮ್ಮ ಕೋಲಿನಲ್ಲಿ ಮೂರು ತುಂಡುಗಳು. ಬುಡ ಮತ್ತು ನಡುವಿನ ತುಂಡು ಷಟ್ಕೋನ. ನುಣುಪಾದ ರೇಷ್ಮೆ ದಾರದ ಸುತ್ತು. ಹಿಡಿಕೆಯ ಬಳಿ ಶಾಯಿಯ ಕಲೆಯಿತ್ತೇ ಹೊರತು ಓದಬಹುದಾದ ಒಂದಕ್ಷರವೂ ಉಳಿದಿರಲಿಲ್ಲ. ಮೂರನೆಯದನ್ನು ಎತ್ತಿಕೊಂಡ ಶಿಷ್ಯ ನಕ್ಕುಬಿಟ್ಟ. "ಇದು ನಮ್ಮೂರಿನದು ಮಾಷ್ಟ್ರೇ!"

ನಿಜ. ತುದಿಯ ತುಂಡು ದುಂಡಗಿನ ಬಿದಿರು. ಗೆಣ್ಣು ಸುತ್ತಲೂ ಇದೆ. ಸುತ್ತಿದ್ದು ಬಲೆ ಹೆಣೆಯುವ ಹತ್ತಿಯ ನೂಲು. ಉಳಿದೆರಡು ಮೂರೂವರೆ ಅಡಿಯಿದ್ದರೆ ಇದು ಅರ್ಧ ಅಡಿ ಗಿಡ್ಡ. ಸಾಮಾನ್ಯವಾಗಿ ಇಂಥ ಕೋಲಿನ ತುಂಡುಗಳು ಸಮನಾಗಿರುತ್ತವೆ. ಹಾಗಿಲ್ಲದಿದ್ದರೆ ಒಂದೋ ಮುರಿದಿದೆ, ಇಲ್ಲವೇ ಬದಲಾಗಿದೆ. "ಮೂಲದ ತುದಿ ಇಲ್ಲದ ಮೇಲೆ ಇದಕ್ಕೆ ಹೆಚ್ಚಿನ ಬೆಲೆಯಿಲ್ಲ" ಎಂದ. ಅಳಿಯನ ಮುಖ ಸಪ್ಪಗಾಯಿತು.

ನನ್ನ ಮನಸ್ಸಿಗೆ ಬಂದದ್ದು ಬೇರೆಯೇ ಪ್ರಶ್ನೆ. ತುದಿ ಮುರಿದದ್ದು ಯಾವಾಗ? ನಮ್ಮ ಹೊಳೆಯಲ್ಲೋ, ಘಟ್ಟದ ಮೇಲೋ? ಮುಂಬಯಿಯಲ್ಲಿರುವ ಅಕ್ಕನಿಗೆ ಅಳಿಯನಿಂದ ಫೋನು ಮಾಡಿಸಿದೆ. ಅವಳಿಗೀಗ ಎಂಬತ್ತನಾಲ್ಕು, ತಂದೆಯವರು ಊರಿಗೆ ಬಂದಾಗ ಹದಿನಾಲ್ಕು. "ಅಕ್ಕಾ, ಕೋಲು ಬರುವಾಗ ಅದಕ್ಕೆ ತುದಿ ಇತ್ತೋ?" ಎಂದು ಕೇಳಿದೆ.

"ಎಲ್ಲಿತ್ತು? ಆ ವರ್ಷದ ಮಳೆಗಾಲವಿಡೀ ಅಪ್ಪ ಜಗಲಿಯಲ್ಲಿ ಕುಳಿತು ಬಿದಿರು ಹೆರೆಯುತ್ತಿದ್ದರಲ್ಲ? ನಾಲ್ಕು ತುದಿ ಮಾಡಿ ಮೂರನ್ನು ಒಲೆಗೆ ಹಾಕಿದರು. ನೂಲು ಸುತ್ತುವಾಗ ಬಿಗಿಯಾಗಿ ಹಿಡಿದುಕೊಂಡದ್ದು ನಾನು" ಎಂದಳು ಅಕ್ಕ.

ಮುರಿದ ಕೋಲು! ದೇಶವನ್ನೇ ಬಿಟ್ಟು ಹೊರಟವನು ಅದನ್ನು ಯಾಕೆ ಹೊತ್ತೊಯ್ದಾನು? ಗುಮಾಸ್ತನಿಗೆ ಕೊಟ್ಟು ಹೋದ. ಅದರಲ್ಲಿ ಅಸಂಭವವೇನಿದೆ? ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯವಲ್ಲವೆಂದು ನಾನು ಬಲ್ಲೆ. ನನಗೆ ಇಷ್ಟೇ ಸಾಕು. ಕೊಟ್ಟವರು ಯಾರೆಂದು ನಾವೆಲ್ಲ ತರ್ಕಿಸಿದೆವು. ಕೊಟ್ಟದ್ದು ಎಂಥದೆಂದು ಒಬ್ಬರೂ ನೋಡಲಿಲ್ಲ. ಚೀಲ ಬಿಚ್ಚಿ ಮೂರು ತುಂಡುಗಳನ್ನು ಸಾಲಾಗಿ ಇಟ್ಟಿದ್ದರೆ ಹದಿನೇಳರ ನನ್ನ ಕಣ್ಣಿಗೂ ಅದು ಕಾಣುತ್ತಿತ್ತು.

ತರಗತಿಯಲ್ಲಿ ಪೆನ್ನೋ ಪುಸ್ತಕವೋ ಕಾಣೆಯಾದಾಗ ನಾನು ಯಾರ ಮುಖವನ್ನು ಮೊದಲು ನೋಡುತ್ತಿದ್ದೆನೆಂಬುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈ ಲೇಖನ ಅವರಿಗೂ ಸಲ್ಲಲಿ.

ಕೋಲನ್ನು ಮಾರುವುದಿಲ್ಲ, ಹೊಸ ವಾರ್ನಿಷನ್ನೂ ಬಳಿಯುವುದಿಲ್ಲ. ಗೋಡೆಗೆ ಒರಗಿಸಿಟ್ಟರೆ ಬಿದಿರು ಬಾಗುತ್ತದೆ, ಥಂಡಿಗೆ ಹಳೆಯ ಅಂಟು ಬಿಡುತ್ತದೆ ಎಂದು ಶಿಷ್ಯ ಎಚ್ಚರಿಸಿದ್ದರಿಂದ, ಬಟ್ಟೆಯ ಚೀಲದಲ್ಲಿಯೇ ಒಣಗಿದ ಒಳಕೋಣೆಯಲ್ಲಿ ನೇರವಾಗಿ ತೂಗುಹಾಕಿದ್ದೇನೆ. ಚೀಲಕ್ಕೊಂದು ಚೀಟಿ ಕಟ್ಟಿದೆ. ಬುಡ ಮತ್ತು ನಡು: ತಯಾರಕರು ತಿಳಿದಿಲ್ಲ. ತುದಿ: ನಮ್ಮ ತಂದೆಯವರು, ಕಟಪಾಡಿ, 1955ರ ಮಳೆಗಾಲ.