ಪುಟ್ಟೇನಹಳ್ಳಿಯಲ್ಲಿ ಹುಣಸೆ ಬೀಜದ ಪೋಕರ್

ಪುಟ್ಟೇನಹಳ್ಳಿಗೆ ಹೊರಟವರು ಯಾವ ಪುಟ್ಟೇನಹಳ್ಳಿ ಎಂಬುದನ್ನು ಆಟೋದವರಿಗೆ ಮೊದಲೇ ಹೇಳಿಬಿಡುವುದು ಕ್ಷೇಮ. ಬೆಂಗಳೂರಿನಲ್ಲಿ ಈ ಹೆಸರಿನ ಊರು ಎರಡಿವೆ. ಒಂದು ಉತ್ತರದಲ್ಲಿ ಯಲಹಂಕದ ಪಕ್ಕ, ಇನ್ನೊಂದು ದಕ್ಷಿಣದಲ್ಲಿ ಜೆ.ಪಿ. ನಗರದ ಏಳನೇ ಹಂತಕ್ಕೆ ಅಂಟಿಕೊಂಡದ್ದು. ಎರಡರಲ್ಲೂ ಕೆರೆ ಉಂಟು, ಎರಡು ಕೆರೆಗೂ ಹಕ್ಕಿಗಳು ಬರುತ್ತವೆ. ಹೀಗಾಗಿ ಗೊಂದಲ ಸಹಜ. ನಾನು ಹೇಳಹೊರಟಿರುವುದು ದಕ್ಷಿಣದ ಪುಟ್ಟೇನಹಳ್ಳಿಯ ಮಾತು. ಕನಕಪುರ ರಸ್ತೆಯ ಜೆ.ಪಿ. ನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು, ವರ್ತುಲ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿ, ಪುಟ್ಟೇನಹಳ್ಳಿ ಅಂಡರ್‌ಪಾಸ್ ಬಳಿ ದಕ್ಷಿಣಕ್ಕೆ ತಿರುಗಬೇಕು. ಹೆಸರಿನಲ್ಲಿ ಹಳ್ಳಿ ಉಳಿದಿದೆ. ಮೇಲೆದ್ದಿರುವುದೆಲ್ಲ ಬಹುಮಹಡಿ ಮನೆಗಳು. ಆ ಮನೆಗಳ ನಡುವೆ 13 ಎಕರೆಗೆ ತುಸು ಹೆಚ್ಚಿನ ಒಂದು ಕೆರೆ, ಅದರಲ್ಲಿ ಗುಳುಮುಳುಕ, ನೀರುಕಾಗೆ, ಬೆಳ್ಳಕ್ಕಿ. ಬೆಳಗಿನ ಹೊತ್ತು ಸುತ್ತು ಹಾಕಲು ಹಿತವಾದ ಜಾಗ.

ನಾನು ಈ ಸಲ ಹೋದದ್ದು ಹಕ್ಕಿ ನೋಡಲಿಕ್ಕಲ್ಲ. ನಮ್ಮ ಅಣ್ಣನ ಮಗನ ಮನೆ ಕೆರೆಯ ಹತ್ತಿರವೇ ಇದೆ. ಅವನ ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಯುಗಾದಿಗೆ ನಾಲ್ಕು ದಿನ ಮುಂಚೆ ಸೊಸೆ ಫೋನ್ ಮಾಡಿ, “ಮಾವ, ಇವನು ರಾತ್ರಿಯೆಲ್ಲ ಪೋಕರ್ ವಿಡಿಯೊ ನೋಡ್ತಾ ಕೂತಿರ್ತಾನೆ. ಕೇಳಿದ್ರೆ ಅದು ಜೂಜಲ್ಲ, ಗಣಿತ ಅಂತಾನೆ. ಗಣಿತದ ಮೇಷ್ಟ್ರು ನೀವು, ಬಂದು ವಿಚಾರಿಸಿ” ಎಂದಳು. ಹಬ್ಬದ ಮರುದಿನ, ವರ್ಷತೊಡಕಿನ ಹೊತ್ತಿಗೆ, ನಾನು ಹಾಜರಾದೆ.

ಹಳೇ ಮೈಸೂರು ಸೀಮೆಯವರಿಗೆ ಯುಗಾದಿಯಲ್ಲಿ ಇಸ್ಪೀಟು ಹೊಸದಲ್ಲ. ಬೇವು ಬೆಲ್ಲ ಮುಗಿದ ಮೇಲೆ ಅರಳಿಕಟ್ಟೆಯಲ್ಲಿ, ಜಗಲಿಯಲ್ಲಿ, ತೋಟದ ಮರದ ನೆರಳಲ್ಲಿ ಎಲೆ ಬೀಳುತ್ತವೆ. ವರ್ಷವಿಡೀ ಬಯ್ಯುವ ಹಿರಿಯರೂ ಆ ಎರಡು ದಿನ ನೋಡಿಯೂ ನೋಡದಂತಿರುತ್ತಾರೆ. ಅರಮನೆಗೂ ಎಲೆಯಾಟ ವರ್ಜ್ಯವಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ 13 ಬಗೆಯ ಆಟಗಳ ವಿವರವಿದೆ. ಪೋಕರ್ ಮಾತ್ರ ಅಮೆರಿಕದಿಂದ ಬಂದದ್ದು. ನಮ್ಮ ಮೂರೆಲೆ ಆಟದ ದೂರದ ನೆಂಟ ಎನ್ನಬಹುದು.

ಹುಡುಗನಿಗೆ ನಾನು ಒಂದೇ ಷರತ್ತು ಹಾಕಿದೆ: ಫೋನು ಪಕ್ಕಕ್ಕಿಡು, ನಿಜವಾದ ಎಲೆ ತಾ. ಸೊಸೆ ಅಡಿಗೆಮನೆಯಿಂದ ಹುಣಸೆ ಬೀಜದ ಡಬ್ಬ ತಂದಳು. ಹುಡುಗ, ಅವನ ಇಬ್ಬರು ಸ್ನೇಹಿತರು, ಅಪ್ಪ, ಅಮ್ಮ, ಪಕ್ಕದ ಮನೆಯವರೊಬ್ಬರು, ಹೀಗೆ ಆರು ಜನ. ತಲೆಗೆ ನೂರು ಬೀಜ.

ಆಟ ಕಷ್ಟದ್ದಲ್ಲ. ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಅಥವಾ ಎಲೆ ಮಡಚಿ ಕೂರಬಹುದು. ಏಳರಲ್ಲಿ ಶ್ರೇಷ್ಠವಾದ ಐದನ್ನು ಜೋಡಿಸಿದವರಿಗೆ ನಡುವಿನ ರಾಶಿ. ಉಳಿದವರೆಲ್ಲ ಮಡಚಿದರೆ, ಕೈಯಲ್ಲಿ ಏನಿದ್ದರೂ ಕೊನೆಗೆ ಉಳಿದವನಿಗೆ ರಾಶಿ. ಆಟದ ಸ್ವಾರಸ್ಯವೆಲ್ಲ ಈ ಕೊನೆಯ ಮಾತಿನಲ್ಲಿದೆ.

ಅರ್ಧ ಗಂಟೆಯಲ್ಲೇ ಚರ್ಚೆಗೆ ಯೋಗ್ಯವಾದ ಒಂದು ಆಟ ಬಂತು. ಹುಡುಗನ ಕೈಯಲ್ಲಿ ಆಟೀನು ಒಂಬತ್ತು, ಆಟೀನು ಆರು. ನಡುವೆ ನಾಲ್ಕು ಎಲೆ ಬಿದ್ದಿವೆ: ಆಟೀನು ರಾಜ, ಆಟೀನು ಮೂರು, ಇಸ್ಪೀಟು ಗುಲಾಮ, ಕಳಾವರ್ ಎರಡು. ಇನ್ನೊಂದು ಆಟೀನು ಬಂದರೆ ಒಂದೇ ಗುರುತಿನ ಐದೆಲೆ ಆಗಿ ಗೆಲುವು. ಬರದಿದ್ದರೆ ಕೈಯಲ್ಲಿ ಏನೂ ಇಲ್ಲ. ಎದುರಿನ ಸ್ನೇಹಿತನ ಬಳಿ ರಾಜನ ಜೋಡಿ ಇರುವಂತಿತ್ತು. ರಾಶಿಯಲ್ಲಿ ನೂರು ಬೀಜ, ಸ್ನೇಹಿತ ಮತ್ತೆ ಐವತ್ತು ಇಟ್ಟ. ಹುಡುಗ ತಾನೂ ಐವತ್ತು ಹಾಕಬೇಕೋ, ಮಡಚಬೇಕೋ?

ಅವನು ಹಾಕಿದ. ಆಟೀನು ರಾಣಿ ಬಂತು, ರಾಶಿ ಬಾಚಿಕೊಂಡ. “ನೋಡಿದ್ರಾ ತಾತ?”

“ನೋಡಿದೆನಪ್ಪ. ಈಗ ಲೆಕ್ಕ ಮಾಡು” ಎಂದೆ.

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಓದಲಿ. 52 ಎಲೆಗಳಲ್ಲಿ ಅವನ ಕಣ್ಣಿಗೆ ಕಂಡಿರುವುದು ಆರು. ಕಾಣದಿರುವುದು 46. ಅವುಗಳಲ್ಲಿ ಆಟೀನು 13ರಲ್ಲಿ ನಾಲ್ಕು ಕಳೆದು ಒಂಬತ್ತು. ಇದೇ ಸಂದರ್ಭ 46 ಸಲ ಬಂತೆಂದುಕೊಳ್ಳಿ. ಸರಾಸರಿಗೆ 9 ಸಲ ಗೆಲುವು, ಪ್ರತಿ ಸಲ ರಾಶಿಯ ನೂರು ಮತ್ತು ಸ್ನೇಹಿತನ ಐವತ್ತು ಸೇರಿ 150ರಂತೆ 1350 ಬೀಜ ಬರುತ್ತವೆ. ಉಳಿದ 37 ಸಲ ಐವತ್ತರಂತೆ 1850 ಹೋಗುತ್ತವೆ. ನಿವ್ವಳ ನಷ್ಟ 500. ಅಂದರೆ ಗೆದ್ದ ಆ ಆಟದಲ್ಲೇ ಹುಡುಗನ ತೀರ್ಮಾನ ತಪ್ಪಾಗಿತ್ತು. ಸ್ನೇಹಿತ ಐವತ್ತರ ಬದಲು ಇಪ್ಪತ್ತು ಇಟ್ಟಿದ್ದರೆ? 9 ಸಲ 120ರಂತೆ 1080 ಬರುವುದು, 37 ಸಲ 20ರಂತೆ 740 ಹೋಗುವುದು. ಲಾಭ 340. ಎಲೆ ಅವೇ, ಅದೃಷ್ಟ ಅಷ್ಟೇ, ಕೇಳಿದ ಬೆಲೆ ಮಾತ್ರ ಬೇರೆ. (ಕೊನೆಯ ಎಲೆ ಬಿದ್ದ ಮೇಲೆ ಇನ್ನೂ ಪಣ ಗಿಟ್ಟೀತೆಂಬ ಲೆಕ್ಕ ಬೇರೆ. ಅದನ್ನಿಲ್ಲಿ ಸೇರಿಸಿಲ್ಲ.)

ಹುಡುಗ ಒಪ್ಪಲಿಲ್ಲ. “ಆಗಲೇ ಮೂವತ್ತು ಬೀಜ ಹಾಕಿಬಿಟ್ಟಿದ್ದೆನಲ್ಲ ತಾತ, ಬಿಟ್ಟುಕೊಡೋದು ಹೇಗೆ?” ಎಂದ. ಇದು ಆಟಗಾರರೆಲ್ಲರ ಹಳೆಯ ರೋಗ. ರಾಶಿಗೆ ಬಿದ್ದ ಬೀಜ ಯಾರದೂ ಅಲ್ಲ, ಗೆದ್ದವನದು. ಮುಂದಿನ ಐವತ್ತಕ್ಕೆ ಎಷ್ಟು ಸಾಧ್ಯತೆ ಕೊಳ್ಳುತ್ತಿದ್ದೇನೆ ಎಂಬುದಷ್ಟೇ ಪ್ರಶ್ನೆ. ಎರಡು ವರ್ಷ ಓದಿಬಿಟ್ಟಿದ್ದೇನೆ ಎಂಬ ಒಂದೇ ಕಾರಣಕ್ಕೆ ಹಿಡಿಸದ ಕೋರ್ಸಿನಲ್ಲಿ ಉಳಿದಿರುವ ಎಷ್ಟೋ ಹುಡುಗರನ್ನು ನಾನು ಪಾಠದ ಕೋಣೆಯಲ್ಲಿ ಕಂಡಿದ್ದೇನೆ.

ಸಂಜೆ ಕೆರೆ ಸುತ್ತುವಾಗಲೂ ಇದೇ ಮಾತು ಮುಂದುವರಿಯಿತು. ಆ ಕೆರೆಯ ಕಥೆ ಇಲ್ಲಿ ನೆನೆಯುವಂಥದ್ದು. 2010ರ ಹೊತ್ತಿಗೆ ಅದು ಒಣಗಿ, ಕಸ ಮತ್ತು ಕಟ್ಟಡಗಳ ಅವಶೇಷ ಸುರಿಯುವ ತಾಣವಾಗಿತ್ತು. ಸುತ್ತಲಿನ ನಿವಾಸಿಗಳು ಆ ವರ್ಷ ಒಂದು ಟ್ರಸ್ಟ್ ಕಟ್ಟಿಕೊಂಡರು. ಆಗಿನ ಬಿಬಿಎಂಪಿ ಕೆರೆಯ ಪುನಶ್ಚೇತನ ಕೈಗೊಂಡಿತು. 2011ರಲ್ಲಿ ಪಾಲಿಕೆಯೊಡನೆ ಒಪ್ಪಂದವಾಗಿ ಟ್ರಸ್ಟ್ ಕೆರೆಯ ನಿರ್ವಹಣೆಗೆ ಹೆಗಲು ಕೊಟ್ಟಿತು. ಮಳೆನೀರಿನ ದಾರಿಗಳನ್ನು ಸುತ್ತಲಿನ ಕಟ್ಟಡಗಳು ನುಂಗಿದ್ದರಿಂದ ಕೆರೆ ತುಂಬುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಆಮೇಲೆ ಹತ್ತಿರದ ವಸತಿ ಸಮುಚ್ಚಯದಿಂದ ಶುದ್ಧೀಕರಿಸಿದ ನೀರನ್ನೂ ಹರಿಸಬೇಕಾಯಿತು. ಮಳೆ ಕೈಕೊಟ್ಟಿದ್ದರೆ 2010ರ ತೀರ್ಮಾನ ತಪ್ಪೆಂದು ಹೇಳಬಹುದಿತ್ತೆ? ಹುಡುಗ ತುಸು ಯೋಚಿಸಿ, “ಇಲ್ಲ, ಆವತ್ತು ಗೊತ್ತಿದ್ದದ್ದರ ಮೇಲೆ ಅದು ಸರಿ” ಎಂದ. ಅಲ್ಲಿಗೆ ಆಟೀನು ರಾಣಿಯ ಲೆಕ್ಕವನ್ನೂ ಒಪ್ಪಿದ ಹಾಗಾಯಿತು.

ರಾತ್ರಿ ಊಟವಾದ ಮೇಲೆ ಮತ್ತೆ ಆಟ. ಅಚ್ಚರಿ ಹುಟ್ಟಿಸಿದವಳು ಸೊಸೆ. ಹತ್ತು ಆಟದಲ್ಲಿ ಏಳನ್ನು ಅವಳು ಮೊದಲೆರಡು ಎಲೆ ನೋಡಿಯೇ ಮಡಚುತ್ತಿದ್ದಳು. ಎರಡೆಲೆಯ ಜೋಡಣೆಗಳು ಒಟ್ಟು 1326. ಎಕ್ಕದ ಜೋಡಿ ಬರುವುದು 221 ಸಲಕ್ಕೆ ಒಮ್ಮೆ. ಬಂದದ್ದನ್ನೆಲ್ಲ ಆಡುವವನು ಬೀಜ ಹಂಚಲು ಕೂತಂತೆಯೇ ಸರಿ. ಇನ್ನೊಂದು ಸೂಕ್ಷ್ಮವನ್ನೂ ಅವಳು ತಾನಾಗಿ ಕಂಡುಕೊಂಡಳು: ಕೊನೆಯಲ್ಲಿ ಮಾತಾಡುವ ಸರದಿ ಬಂದಾಗ ಮಾತ್ರ ಸ್ವಲ್ಪ ಧಾರಾಳ. “ಚೀಟಿ ಹರಾಜಲ್ಲಿ ಬೇರೆಯವರ ಕೂಗು ಕೇಳಿದ ಮೇಲೆ ತಾನೆ ನಾವು ಕೂಗೋದು?” ಎಂದಳು.

ಒಮ್ಮೆ ಅವಳು ನೂರರ ರಾಶಿಗೆ ಐವತ್ತು ಬೀಜ ಇಟ್ಟಳು. ಎಲ್ಲರೂ ಮಡಚಿದರು. ಎಲೆ ತೋರಿಸಿದಾಗ ಕೈಯಲ್ಲಿ ಏಳು, ಎರಡು! ಮಗ ಬೆಪ್ಪಾದ. ಇದಕ್ಕೂ ಗಣಿತವುಂಟು. ಮೂರು ಸಲ ಹೀಗೆ ಹೆದರಿಸಿ ಒಂದು ಸಲ ಎದುರಾಳಿ ಹಿಂಜರಿದರೆ ನೂರು ಬರುತ್ತದೆ, ಎರಡು ಸಲ ಸಿಕ್ಕಿಬಿದ್ದರೆ ನೂರು ಹೋಗುತ್ತದೆ. ಸರಿಸಮ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಿಂಜರಿಯುವವರ ಎದುರು ಮಾತ್ರ ಈ ಬೆದರಿಕೆ ಲಾಭದ್ದು. ಹೀಗೆ ಸುಳ್ಳಿಗೂ ಸೂತ್ರವುಂಟೆಂದು ತೋರಿಸಿದವರಲ್ಲಿ ಜಾನ್ ವಾನ್ ನಾಯ್ಮನ್ ಪ್ರಮುಖರು. ಮಾರ್ಗನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಕ್ರೀಡಾ ಸಿದ್ಧಾಂತದ ಗ್ರಂಥದಲ್ಲಿ ಅವರು ಪೋಕರನ್ನು ವಿವರವಾಗಿ ವಿಶ್ಲೇಷಿಸಿದ್ದಾರೆ.

ಇಷ್ಟೆಲ್ಲ ಕಲಿತರೆ ಗೆಲ್ಲಬಹುದೆ? ಗೆಲ್ಲಬಹುದು, ಆದರೆ ಎಷ್ಟು ಆಟದಲ್ಲಿ ಎಂಬುದನ್ನು ಯುವಕರು ಕೇಳುವುದಿಲ್ಲ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು ಸೋಲಿಸಿತು. ಅದಕ್ಕಾಗಿ ಆಡಿದ್ದು 20 ದಿನ, 1,20,000 ಆಟ. ಅದೃಷ್ಟದ ಏರಿಳಿತ ತಗ್ಗಿ ಜಾಣ್ಮೆ ಕಣ್ಣಿಗೆ ಕಾಣಲು ಅಷ್ಟು ದೀರ್ಘ ಪಂದ್ಯ ಬೇಕಾಯಿತು. ಒಂದು ರಾತ್ರಿಯ ಗೆಲುವಿನಿಂದ ತನ್ನ ಜಾಣ್ಮೆಯನ್ನು ಅಳೆಯುವ ಹುಡುಗನಿಗೆ ಏನು ಹೇಳೋಣ? ಇನ್ನು ಸೋಲಿನ ರಾತ್ರಿಯದಂತೂ ಬೇರೆಯೇ ಅಪಾಯ. ಧರ್ಮರಾಯ ಒಂದೊಂದು ಸೋಲಿಗೂ ಇನ್ನೂ ದೊಡ್ಡದನ್ನು ಪಣಕ್ಕಿಟ್ಟ. ಎಲೆಗಳಿಗಾಗಲಿ ದಾಳಗಳಿಗಾಗಲಿ ಹಿಂದಿನ ಆಟದ ನೆನಪಿಲ್ಲ, ಆಡುವವನಿಗಷ್ಟೇ ಉಂಟು.

ಜಾಣ್ಮೆಯೋ ಅದೃಷ್ಟವೋ ಎಂಬ ಪ್ರಶ್ನೆ ನ್ಯಾಯಾಲಯಗಳನ್ನೂ ಕಾಡಿದೆ. 1963ರ ಕರ್ನಾಟಕ ಪೊಲೀಸ್ ಕಾಯಿದೆ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜೆಂದಿತು! ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ರಾಜ್ಯ 2021ರಲ್ಲಿ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ನಿಷೇಧವನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆ ಮಾಡಿತು.

“ಕೌಶಲ ಇದ್ದವರಿಗೂ ಯಾಕೆ ತಾತ ತಡೆ?” ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಮಾತಿನಲ್ಲಿ ಉತ್ತರಿಸುವ ಬದಲು ಖಾಲಿ ಡಬ್ಬವನ್ನು ನನ್ನ ಮುಂದಿಟ್ಟುಕೊಂಡೆ. “ನಾನು ಆಟದ ಮನೆಯ ಯಜಮಾನ. ಎಲೆ ಮುಟ್ಟೋದಿಲ್ಲ, ಮೋಸ ಮಾಡೋದಿಲ್ಲ. ಪ್ರತಿ ಆಟಕ್ಕೆ ರಾಶಿಯಿಂದ ಮೂರೇ ಮೂರು ಬೀಜ ನನಗೆ” ಎಂದೆ. ಮೂರು ಬೀಜ ಯಾವ ಲೆಕ್ಕ ಎಂದು ಎಲ್ಲರೂ ನಕ್ಕರು. ಎಲ್ಲರ ಮುಂದೆ ಮತ್ತೆ ನೂರು ನೂರು ಬೀಜ ಎಣಿಸಿಟ್ಟು ಆಟ ಶುರುವಾಯಿತು.

ಹನ್ನೊಂದು ಗಂಟೆಗೆ ನಿಲ್ಲಿಸಿದಾಗ 60 ಆಟ ಆಗಿತ್ತು. ಹುಡುಗನ ಮುಂದೆ 118 ಬೀಜ, ಅವನೇ ಮೊದಲಿಗ. ಸೊಸೆಯದು 91. ಉಳಿದ ನಾಲ್ವರದು ಸೇರಿ 211. ಡಬ್ಬದಲ್ಲಿ 180. ಹುಡುಗ ತನ್ನ 118ನ್ನು ಒಮ್ಮೆ, ಡಬ್ಬವನ್ನು ಒಮ್ಮೆ ನೋಡಿದ. ಒಂದು ಎಲೆಯೂ ಆಡದವನ ಬಳಿ ಎಲ್ಲರಿಗಿಂತ ಹೆಚ್ಚು! ಆಮೇಲೆ ಯಾರೂ ಹೇಳದೆ ಪೆನ್ಸಿಲ್ ತೆಗೆದುಕೊಂಡು, ಹಳೆಯ ಕ್ಯಾಲೆಂಡರಿನ ಹಿಂದೆ 600ನ್ನು ಮೂರರಿಂದ ಭಾಗಿಸಿ, ಹೀಗೇ ನಡೆದರೆ 200ನೆಯ ಆಟದ ಹೊತ್ತಿಗೆ ಮೇಜಿನ ಮೇಲೆ ಒಂದು ಬೀಜವೂ ಇರುವುದಿಲ್ಲವೆಂದು ತಾಯಿಗೆ ತೋರಿಸಿದ.