ಕಣ್ಣಿಗೆ ಕಾಣದವರ ದುಡಿಮೆ

ಪೆರಂಬೂರಿಗೂ ದುಡಿಮೆಯ ನ್ಯಾಯಕ್ಕೂ ಹಳೆಯ ನಂಟು. ಇಲ್ಲಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರ ಅಹವಾಲುಗಳಿಂದ 1918ರ ಏಪ್ರಿಲ್‌ನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು, ಬಿ. ಪಿ. ವಾಡಿಯಾ ಅದರ ಅಧ್ಯಕ್ಷರಾದರು. ಕೂಲಿ ಕಡಿಮೆಯೆಂಬ ದೂರಿನ ಜೊತೆಗೆ, ಮಧ್ಯಾಹ್ನದ ಊಟಕ್ಕೆ ಕೊಡುವ ಬಿಡುವು ಸಾಲದೆಂಬ ದೂರೂ ಅಲ್ಲಿತ್ತು. ಗಿರಣಿಗಳು 1996ರಲ್ಲಿ ಮುಚ್ಚಿದವು. ಆ ದೂರು ಮಾತ್ರ ಬೇರೆ ರೂಪದಲ್ಲಿ ಇಂದಿಗೂ ನಮ್ಮ ಕಿವಿಗೆ ಬೀಳುತ್ತಿದೆ.

ನಮ್ಮ ಬಳಗದ ಗೆಳೆಯರೊಬ್ಬರನ್ನು ಅವರ ಕಂಪನಿ ಮೂರು ವರ್ಷಗಳ ಅವಧಿಗೆ ಸಿಂಗಪುರಕ್ಕೆ ಕಳುಹಿಸಿದೆ. ಸಂಬಳಕ್ಕೆ ಕೊರತೆಯಿಲ್ಲ. ಆದರೂ ಎರಡನೆಯ ವರ್ಷದಲ್ಲೇ ಅವರು ರಾಜೀನಾಮೆಯ ಮಾತನ್ನಾಡತೊಡಗಿದ್ದಾರೆ. ಚೆನ್ನೈಯ ಸಂಜೆ ಆರು ಗಂಟೆಯ ಸಭೆ ಅವರಿಗೆ ರಾತ್ರಿ ಎಂಟೂವರೆಯದು. ಪೊಂಗಲಿಗೆ ಇಲ್ಲಿಯವರಿಗೆ ರಜೆ, ಅವರಿಗಿಲ್ಲ. ಚೀನೀ ಹೊಸವರ್ಷಕ್ಕೆ ಅಲ್ಲಿ ರಜೆ, ಆದರೆ ಇಲ್ಲಿಂದ ಕರೆ ತಪ್ಪದು. ಎರಡು ಪಂಚಾಂಗಗಳ ನಡುವೆ ಅವರ ಹಬ್ಬಗಳೇ ಕಳೆದುಹೋಗಿವೆ.

ಇಷ್ಟನ್ನೂ ಅವರು ಸಹಿಸಿದ್ದರು. ಈ ಸಲದ ಬಡ್ತಿ ಅವರಿಗಿಂತ ಕಿರಿಯರೊಬ್ಬರಿಗೆ ದೊರೆಯಿತು. ಆ ಕಿರಿಯರು ಸಮರ್ಥರೆಂಬುದನ್ನು ಗೆಳೆಯರೂ ಒಪ್ಪುತ್ತಾರೆ. ತಮ್ಮ ವರ್ಷದ ಕೆಲಸವನ್ನು ತೂಗಿದವರು ಆ ಕೆಲಸವನ್ನು ಒಂದು ದಿನವೂ ಹತ್ತಿರದಿಂದ ಕಂಡವರಲ್ಲ ಎಂಬುದು ಅವರ ಕೊರಗು. ಕಾರಣ ಕೇಳಿದರೆ, ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ. ಮರಳಿದ ಮೇಲೆ ಯಾವ ಹುದ್ದೆಯೆಂಬುದಕ್ಕೂ ಬರಹದ ಆಧಾರವಿಲ್ಲ. ಗಂಡನೊಡನೆ ಹೊರಡುವುದಕ್ಕಾಗಿ ಅವರ ಪತ್ನಿ ಇಲ್ಲಿ ಬಿಟ್ಟ ಹನ್ನೊಂದು ವರ್ಷಗಳ ಶಿಕ್ಷಕಿಯ ಕೆಲಸವಂತೂ ಯಾರ ಲೆಕ್ಕದಲ್ಲೂ ಇಲ್ಲ.

ದೂರಕ್ಕೆ ಹೋದವನು ಕಷ್ಟಕ್ಕೆ ಅಂಜಿ ಕೆಲಸ ಬಿಡುವುದು ವಿರಳವೆಂದು ನಮ್ಮ ನಂಬಿಕೆ. ಊರು ಬಿಟ್ಟ ದಿನವೇ ಅವನು ಕಷ್ಟಕ್ಕೆ ಒಪ್ಪಿರುತ್ತಾನೆ. ತನ್ನನ್ನು ಕಳುಹಿಸಿದವರೇ ತನ್ನನ್ನು ಮರೆತರೆಂದು ತೋರಿದಾಗ ಅವನ ಮನಸ್ಸು ಮುರಿಯುತ್ತದೆ. ಹೊರಡುವ ಮೊದಲೇ ಮರಳುವ ಹುದ್ದೆಯನ್ನು ಬರೆದುಕೊಡುವುದು, ಕೆಲಸವನ್ನು ಕಂಡವರಿಂದಲೇ ಮೌಲ್ಯಮಾಪನ ಮಾಡಿಸುವುದು, ಎರಡರಲ್ಲೊಂದು ರಜೆಯ ಪಟ್ಟಿಯನ್ನಾದರೂ ಗೌರವಿಸುವುದು: ಇವು ಕಂಪನಿಗೆ ದುಬಾರಿಯ ಬಾಬತ್ತುಗಳಲ್ಲ.

ರಾಜೀನಾಮೆಯ ಪತ್ರ ಬರೆದಿಟ್ಟಿದ್ದಾರೆ, ಇನ್ನೂ ಕಳುಹಿಸಿಲ್ಲ. ಅದಕ್ಕೆ ಮೊದಲು ಈ ಮೂರನ್ನೂ ಲಿಖಿತವಾಗಿ ಕೇಳಿರೆಂದು ನಾವು ಹೇಳಿದ್ದೇವೆ. ಹೊರನಾಡುಗಳಲ್ಲಿ ದುಡಿಯುತ್ತಿರುವ ನಮ್ಮ ಓದುಗರಿಗೂ ಅದೇ ಮಾತು: ಹೊರಡುವ ಮೊದಲೇ ಕೇಳಿಬಿಡಿ.