ಬಿಳಿ ಕೋಟಿಗೆ ಬಂದ ದಾರಿಗಳು

ಅಮೆರಿಕದ ವೈದ್ಯಕೀಯ ಕಾಲೇಜುಗಳಿಗೆ ಮೇ ತಿಂಗಳೆಂದರೆ ಪದವಿ ಪ್ರದಾನದ ಸುಗ್ಗಿ. ಪದವೀಧರರೆಲ್ಲ ನಿಲುವಂಗಿ ತೊಟ್ಟು ಸಾಲಾಗಿ ಬರುತ್ತಾರೆ. ಬೆನ್ನ ಮೇಲೆ ಇಳಿಬಿದ್ದ ಪಟ್ಟಿಯ ಅಂಚಿನ ಬಣ್ಣ ನೋಡಿದರೆ ಯಾರು ಏನು ಓದಿದ್ದಾರೆಂದು ಹೇಳಿಬಿಡಬಹುದು. ವೈದ್ಯರಿಗೆ ಹಸಿರು, ಔಷಧ ವಿಜ್ಞಾನದವರಿಗೆ ಆಲಿವ್ ಹಸಿರು, ದಂತವೈದ್ಯರಿಗೆ ತಿಳಿ ನೇರಳೆ, ದಾದಿಯರಿಗೆ ಏಪ್ರಿಕಾಟ್ ಹಣ್ಣಿನ ಬಣ್ಣ. ಸಭಾಂಗಣದಲ್ಲಿ ಹೆತ್ತವರು, ಅಜ್ಜ ಅಜ್ಜಿಯರು ತಮ್ಮ ಮಗುವಿನ ಹೆಸರು ಕೂಗುವುದನ್ನೇ ಕಾಯುತ್ತ ಕುಳಿತಿರುತ್ತಾರೆ. ಪ್ರಮಾಣವಚನ ಇರುತ್ತದೆ. ಅದರ ನಡುವೆ ಆಹ್ವಾನಿತ ಗಣ್ಯರೊಬ್ಬರ ಭಾಷಣ.

ಇಂಥ ಭಾಷಣಗಳನ್ನು ಮನಸ್ಸಿಟ್ಟು ಕೇಳುವವರು ಎಲ್ಲ ಕಡೆಯೂ ಕಡಿಮೆಯೇ. ಆದರೂ ಕೆಲವು ಭಾಷಣಗಳು ಅಚ್ಚಾಗಿ ಉಳಿದಿವೆ. ಅವನ್ನು ಓದುವಾಗ ಭಾಷಣಕಾರರು ಏನು ಹೇಳಿದರು ಎಂಬುದಕ್ಕಿಂತ, ಅವರು ಆ ವೇದಿಕೆಗೆ ಯಾವ ದಾರಿಯಿಂದ ಬಂದರು ಎಂಬುದು ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಪಿಯುಸಿ ಫಲಿತಾಂಶವನ್ನೂ ನೀಟ್ ರ‍್ಯಾಂಕನ್ನೂ ಎದೆಯಲ್ಲಿ ಹೊತ್ತು ಕಾಯುವ ನಮ್ಮ ಮನೆಗಳಿಗೆ ಆ ದಾರಿಗಳು ಒಂದಿಷ್ಟು ಪಾಠ ಹೇಳಬಲ್ಲವು.

ಪಾದ್ರಿಯಾಗಬೇಕಿದ್ದ ಹುಡುಗ

1889ರ ಮೇ ಒಂದರಂದು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಹೊಸ ವೈದ್ಯರ ಮುಂದೆ ನಿಂತವರು ವಿಲಿಯಂ ಆಸ್ಲರ್. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಆ ಕಾಲೇಜನ್ನು ಬಿಟ್ಟು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೊರಟು ನಿಂತಿದ್ದರು. ರೋಗಿಯ ಮುಂದೆ ವೈದ್ಯನ ಮುಖ ಗಾಬರಿ ತೋರಬಾರದು, ಒಳಗಿನ ಮನಸ್ಸೂ ಸುಖದುಃಖಗಳಿಗೆ ಕದಡಬಾರದು ಎಂಬುದು ಅವರ ಮಾತಿನ ಸಾರ. ‘ಈಕ್ವಾನಿಮಿಟಾಸ್’, ಅಂದರೆ ಸಮಚಿತ್ತ ಎಂಬ ಹೆಸರಿನ ಆ ಭಾಷಣವನ್ನು ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳವರೆಗೆ ಓದಿದರು.

ಆಸ್ಲರ್ ಕೆನಡಾದ ಪಾದ್ರಿಯೊಬ್ಬರ ಮಗ. ಅವರೂ ಪಾದ್ರಿಯಾಗುವುದೆಂದೇ ನಿಶ್ಚಯವಾಗಿತ್ತು. 1867ರಲ್ಲಿ ಟೊರಾಂಟೋದ ಟ್ರಿನಿಟಿ ಕಾಲೇಜಿಗೆ ಸೇರಿದ್ದೂ ಅದಕ್ಕಾಗಿಯೇ. ಆದರೆ ಅದಕ್ಕೆ ಮೊದಲು ಶಾಲೆಯಲ್ಲಿ ಅವರಿಗೆ ಜಾನ್ಸನ್ ಎಂಬ ಗುರು ಸಿಕ್ಕಿದ್ದರು. ಅವರೂ ಪಾದ್ರಿಯೇ. ಆದರೆ ಪ್ರಕೃತಿಯ ಹುಚ್ಚು ಹತ್ತಿಸಿಕೊಂಡವರು. ಹುಡುಗರನ್ನು ಹೊರಗೆ ಕರೆದೊಯ್ದು ಪಳೆಯುಳಿಕೆ ಹುಡುಕಿಸಿ, ಸೂಕ್ಷ್ಮದರ್ಶಕದಲ್ಲಿ ಸಣ್ಣ ಸಣ್ಣ ಜೀವಿಗಳನ್ನು ತೋರಿಸುತ್ತಿದ್ದರು. ಒಮ್ಮೆ ಆ ಗಾಜಿನಲ್ಲಿ ಕಣ್ಣಿಟ್ಟ ಹುಡುಗನಿಗೆ ಧರ್ಮಶಾಸ್ತ್ರದಲ್ಲಿ ಮನಸ್ಸು ನಿಲ್ಲಲಿಲ್ಲ. ಮರುವರ್ಷವೇ ವೈದ್ಯಕೀಯಕ್ಕೆ ಬದಲಾಯಿಸಿ, 1872ರಲ್ಲಿ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದರು. ಮುಂದೆ ಇದೇ ಆಸ್ಲರ್ ವೈದ್ಯ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ಎಬ್ಬಿಸಿ ರೋಗಿಯ ಹಾಸಿಗೆಯ ಪಕ್ಕಕ್ಕೆ ಕರೆತಂದರು. ಗುರು ತನಗೆ ಮಾಡಿದ್ದನ್ನೇ ಶಿಷ್ಯ ತನ್ನ ವಿದ್ಯಾರ್ಥಿಗಳಿಗೆ ಮಾಡಿದ ಎನ್ನಬಹುದು: ಪುಸ್ತಕ ಆಮೇಲೆ, ಮೊದಲು ಕಣ್ಣಾರೆ ನೋಡು.

ಸೈಕಲ್ಲಿನಲ್ಲಿ ಔಷಧ

ಕೋವಿಡ್ ದಿನಗಳಲ್ಲಿ ನಿತ್ಯವೂ ಟಿ.ವಿ.ಯಲ್ಲಿ ಕಾಣಿಸುತ್ತಿದ್ದ ಡಾ. ಆಂಥೊನಿ ಫೌಚಿಯವರೂ ಅನೇಕ ಪದವಿ ಸಮಾರಂಭಗಳಲ್ಲಿ ಮಾತನಾಡಿದವರು. ಅವರ ತಂದೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಔಷಧದ ಅಂಗಡಿ ಇಟ್ಟಿದ್ದರು. ಅಂಗಡಿಯ ಮೇಲೆಯೇ ಮನೆ. ತಾಯಿ, ಅಕ್ಕ ಗಲ್ಲಾಪೆಟ್ಟಿಗೆ ನೋಡಿಕೊಂಡರೆ, ಬಾಲಕ ಫೌಚಿ ಸೈಕಲ್ ತುಳಿದು ಮನೆಮನೆಗೆ ಔಷಧ ತಲುಪಿಸುತ್ತಿದ್ದ. ಕಾಯಿಲೆ ಎಂದರೆ ಏನೆಂದು ಆತ ಮೊದಲು ಕಲಿತದ್ದು ಹೀಗೆ, ಬಾಗಿಲು ತೆರೆದವರ ಮುಖ ನೋಡಿ.

ಆತ ಕಾಲೇಜಿನಲ್ಲಿ ಮುಖ್ಯವಾಗಿ ಓದಿದ್ದು ಏನು? ಗ್ರೀಕ್, ಲ್ಯಾಟಿನ್ ಮೊದಲಾದ ಪ್ರಾಚೀನ ಸಾಹಿತ್ಯ! ಜೊತೆಗೆ ವೈದ್ಯಕೀಯ ಪ್ರವೇಶಕ್ಕೆ ಬೇಕಾದ ವಿಜ್ಞಾನದ ಪಾಠಗಳು. ರಜೆಯಲ್ಲಿ ಕಟ್ಟಡದ ಕೂಲಿ. ಆ ಕೂಲಿ ಕೆಲಸದ ಪ್ರಸಂಗವೊಂದನ್ನು ಫೌಚಿ ಹೇಳಿಕೊಂಡಿದ್ದಾರೆ. ಕಾರ್ನೆಲ್ ವೈದ್ಯಕೀಯ ಕಾಲೇಜಿನ ಗ್ರಂಥಾಲಯದ ಕಾಮಗಾರಿ ನಡೆದಿತ್ತು. ಊಟದ ಬಿಡುವಿನಲ್ಲಿ ಮಣ್ಣು ಮೆತ್ತಿದ ಬೂಟಿನಲ್ಲೇ ಹುಡುಗ ಕಾಲೇಜಿನ ಸಭಾಂಗಣಕ್ಕೆ ಇಣುಕಿದ. ಕಾವಲುಗಾರ ಹೊರಗೆ ಹೋಗೆಂದು ಗದರಿದ. ‘ಮುಂದಿನ ವರ್ಷ ನಾನು ಇಲ್ಲೇ ಓದಲು ಬರುತ್ತೇನೆ’ ಎಂದದ್ದಕ್ಕೆ, ಹಾಗಾದರೆ ತಾನು ಪೊಲೀಸ್ ಕಮಿಷನರ್ ಆಗುತ್ತೇನೆ ಎಂದು ನಕ್ಕನಂತೆ. 1966ರಲ್ಲಿ ಫೌಚಿ ಅದೇ ಕಾಲೇಜಿನಿಂದ ತರಗತಿಗೇ ಮೊದಲಿಗರಾಗಿ ಹೊರಬಂದರು. 1984ರಿಂದ 2022ರವರೆಗೆ ಅಮೆರಿಕದ ಅಲರ್ಜಿ ಮತ್ತು ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರಾಗಿದ್ದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ವೈದ್ಯಕೀಯ. ಆ ನಾಲ್ಕು ವರ್ಷ ಇತಿಹಾಸವನ್ನೋ ಸಂಗೀತವನ್ನೋ ಓದಬಹುದು, ನಿಗದಿತ ವಿಜ್ಞಾನ ವಿಷಯಗಳನ್ನು ಮುಗಿಸಿದ್ದರೆ ಸಾಕು. ನಮ್ಮಲ್ಲಿ ಹಾಗಿಲ್ಲ. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ, ಒಂದೇ ಪ್ರವೇಶ ಪರೀಕ್ಷೆಯ ಮೇಲೆ ಎಲ್ಲವೂ ನಿಂತಿದೆ. ಅಲ್ಲಿಯ ಹುಡುಗ ದಾರಿ ಬದಲಿಸಿದಷ್ಟು ಸುಲಭವಾಗಿ ಇಲ್ಲಿಯವನು ಬದಲಿಸಲಾರ. ಆದ್ದರಿಂದ ಈ ಕಥೆಗಳನ್ನು ಕೇಳಿ ‘ಅಂಕದ ಚಿಂತೆ ಬಿಡಿ’ ಎಂದು ಮಕ್ಕಳಿಗೆ ಹೇಳಿದರೆ ಮೋಸ ಮಾಡಿದಂತಾಗುತ್ತದೆ. ಅಂಕ ಬೇಕು. ಬಾಗಿಲು ತೆರೆಯುವುದು ಅದರಿಂದಲೇ. ಆದರೆ ಬಾಗಿಲಿನ ತನಕ ಕರೆತಂದದ್ದು ಏನು ಎಂಬ ಪ್ರಶ್ನೆ ಬೇರೆ.

ಬಸ್ಸಿನಲ್ಲಿ ಸಂಸಾರ

ಡಾ. ಪಾಲ್ ಫಾರ್ಮರ್ ಪದವೀಧರರಿಗೆ ಹೇಳಿದ ಮಾತುಗಳೆಲ್ಲ ಸೇರಿ 2013ರಲ್ಲಿ ಒಂದು ಪುಸ್ತಕವೇ ಆಯಿತು. ಅವರ ಬಾಲ್ಯ ನಮ್ಮ ಕಣ್ಣಿಗೂ ವಿಚಿತ್ರವೇ. ಆರು ಮಕ್ಕಳ ಸಂಸಾರ ಫ್ಲಾರಿಡಾದಲ್ಲಿ ಹಳೆಯ ಬಸ್ಸೊಂದರಲ್ಲಿ ವಾಸವಾಗಿತ್ತು, ಕೆಲಕಾಲ ದೋಣಿಯಲ್ಲಿ. ಹಣಕ್ಕೆ ಮುಗ್ಗಟ್ಟಾದಾಗ ಕಿತ್ತಳೆ ತೋಟದಲ್ಲಿ ಹಣ್ಣು ಕೀಳುವ ಕೆಲಸಕ್ಕೂ ಹೋದದ್ದುಂಟು. ಅಲ್ಲಿ ಜೊತೆಗೆ ದುಡಿಯುತ್ತಿದ್ದವರು ಹೈಟಿ ದೇಶದಿಂದ ಬಂದ ಬಡ ಕೂಲಿಗಳು. ಅವರ ಭಾಷೆ ಕಿವಿಗೆ ಬಿದ್ದದ್ದು ಅಲ್ಲೇ.

ಮುಂದೆ ಫಾರ್ಮರ್ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರ ಓದಿದರು. 1983ರಲ್ಲಿ ಹೈಟಿಗೆ ಹೋದರು. ದೇಶ ಸುತ್ತು, ಕೋಶ ಓದು ಎಂಬ ನಮ್ಮ ಗಾದೆಯನ್ನು ಎರಡನ್ನೂ ಏಕಕಾಲಕ್ಕೆ ಮಾಡಿ ತೋರಿಸಿದರು. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುತ್ತಲೇ ಹೈಟಿಯ ಹಳ್ಳಿಗೂ ಬಾಸ್ಟನ್ನಿಗೂ ಓಡಾಡುತ್ತ, 1990ರಲ್ಲಿ ವೈದ್ಯ ಪದವಿ, ಮಾನವಶಾಸ್ತ್ರದ ಪಿಎಚ್.ಡಿ. ಎರಡನ್ನೂ ಪಡೆದರು. ಅಷ್ಟರಲ್ಲಾಗಲೇ, 1987ರಲ್ಲಿ, ಗೆಳೆಯರೊಡನೆ ‘ಪಾರ್ಟ್‌ನರ್ಸ್ ಇನ್ ಹೆಲ್ತ್’ ಎಂಬ ಸಂಸ್ಥೆ ಕಟ್ಟಿದ್ದರು.

ಕ್ಷಯರೋಗಕ್ಕೆ ಔಷಧ ಕೊಟ್ಟರೂ ರೋಗಿ ನಡುವೆಯೇ ಬಿಟ್ಟುಬಿಡುತ್ತಾನೆ. ಅವನನ್ನು ಬೈದು ಸುಮ್ಮನಾಗುವುದು ಸುಲಭ. ಫಾರ್ಮರ್ ಮತ್ತು ಸಂಗಡಿಗರು ಅವನ ಮನೆ ನೋಡಿದರು. ಹೊಟ್ಟೆಗಿಲ್ಲ, ಆಸ್ಪತ್ರೆಗೆ ಬರಲು ದಾರಿಯ ಖರ್ಚಿಲ್ಲ. ಅದೇ ಊರಿನವರನ್ನು ತರಬೇತುಗೊಳಿಸಿ, ಸಂಬಳ ಕೊಟ್ಟು, ಮನೆಗೇ ಹೋಗಿ ಔಷಧ ನುಂಗಿಸಿ ಬರುವ ಏರ್ಪಾಡು ಮಾಡಿದರು. ಆಹಾರಕ್ಕೂ ಸಹಾಯ ಕೊಟ್ಟರು. ರೋಗಿಗಳು ಗುಣವಾದರು. 2022ರ ಫೆಬ್ರುವರಿಯಲ್ಲಿ ಫಾರ್ಮರ್ ತೀರಿಕೊಂಡದ್ದು ರುವಾಂಡಾದ ಬುಟಾರೋ ಎಂಬಲ್ಲಿ, ತಾವೇ ಕಟ್ಟಲು ನೆರವಾದ ಆರೋಗ್ಯ ವಿಶ್ವವಿದ್ಯಾನಿಲಯದ ಆವರಣದಲ್ಲಿ.

ಒಬ್ಬ ರೋಗಿಗೆ ಹದಿನೈದು ಜನ

2011ರಲ್ಲಿ ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಪದವೀಧರರಿಗೆ ಮಾತನಾಡಿದವರು ಶಸ್ತ್ರವೈದ್ಯ ಅತುಲ್ ಗವಾಂಡೆ. ತಂದೆ ಮಹಾರಾಷ್ಟ್ರದ ಹಳ್ಳಿಯಿಂದ ಹೋದವರು, ತಾಯಿ ಗುಜರಾತಿನವರು, ಇಬ್ಬರೂ ವೈದ್ಯರು. ಮಗ ಮಾತ್ರ ನೇರ ದಾರಿ ಹಿಡಿಯಲಿಲ್ಲ. ಜೀವಶಾಸ್ತ್ರದ ಜೊತೆಗೆ ರಾಜ್ಯಶಾಸ್ತ್ರ ಓದಿದರು. ಆಕ್ಸ್‌ಫರ್ಡಿಗೆ ಹೋಗಿ ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಕಲಿತರು. ವೈದ್ಯಕೀಯಕ್ಕೆ ಸೇರಿದ ಮೇಲೂ ನಡುವೆ ಬಿಟ್ಟು 1992ರಲ್ಲಿ ಬಿಲ್ ಕ್ಲಿಂಟನ್ನರ ಚುನಾವಣಾ ಪ್ರಚಾರಕ್ಕೆ ದುಡಿದರು. ಮತ್ತೆ ಮರಳಿ ಬಂದು 1995ರಲ್ಲಿ ಪದವಿ ಮುಗಿಸಿದರು.

ಅವರ ಭಾಷಣದಲ್ಲಿ ಒಂದು ಲೆಕ್ಕವಿದೆ. 1970ರಲ್ಲಿ ಅಮೆರಿಕದ ಆಸ್ಪತ್ರೆಯಲ್ಲಿ ಒಬ್ಬ ಸಾಮಾನ್ಯ ರೋಗಿಯ ಆರೈಕೆಗೆ ಎರಡೂವರೆ ಜನರ ಪೂರ್ಣಾವಧಿ ದುಡಿಮೆ ಸಾಕಾಗುತ್ತಿತ್ತು. 1990ರ ದಶಕದ ಕೊನೆಯ ವೇಳೆಗೆ ಅದು ಹದಿನೈದನ್ನು ಮೀರಿತು. ಒಂಟಿಯಾಗಿ ಕುದುರೆಯೇರಿ ಹೋಗುವ ದನಗಾಹಿಯ ಕಾಲ ಮುಗಿಯಿತು, ಮೋಟಾರು ಪಂದ್ಯದಲ್ಲಿ ಕ್ಷಣಾರ್ಧದಲ್ಲಿ ಚಕ್ರ ಬದಲಿಸುವ ತಂಡದಂತೆ ವೈದ್ಯರು ಕೆಲಸ ಮಾಡಬೇಕು ಎಂದರು ಗವಾಂಡೆ.

ಅದಕ್ಕೆ ಅವರ ಬಳಿ ಪುರಾವೆಯೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರ ನೇತೃತ್ವದಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯೊಂದು ತಯಾರಾಯಿತು. ಇರುವುದು ಹತ್ತೊಂಬತ್ತೇ ಅಂಶ. ರೋಗಿ ಇವನೇ ತಾನೇ, ಕೊಯ್ಯಬೇಕಾದ ಜಾಗ ಇದೇ ತಾನೇ, ಸೂಜಿ, ಬಟ್ಟೆಗಳ ಎಣಿಕೆ ಸರಿಯಿದೆಯೇ ಎಂಬಂಥ ಪ್ರಶ್ನೆಗಳು. ಕೊಯ್ಯುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ದಾದಿಯ ಮಾತನ್ನು ಶಸ್ತ್ರವೈದ್ಯ ಕಿವಿಗೊಟ್ಟು ಕೇಳುವಂತೆ ಮಾಡಿದ ಒಂದು ಹಾಳೆ!

ಗುಣವಾದರೂ ಉಳಿಯದ ಹುಡುಗ

ಮರುವರ್ಷ ಅದೇ ಹಾರ್ವರ್ಡ್ ವೇದಿಕೆಗೆ ಬಂದವರು ಮಕ್ಕಳ ವೈದ್ಯ ಡೊನಾಲ್ಡ್ ಬರ್ವಿಕ್. ಕನೆಕ್ಟಿಕಟ್ ರಾಜ್ಯದ ಸಣ್ಣ ಊರೊಂದರ ವೈದ್ಯರ ಮಗ. ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಿದ್ದ ತಂದೆಯನ್ನು ನೋಡಿ ಬೆಳೆದವರು. ಅವರು ಅಂದು ತಮ್ಮ ಒಬ್ಬ ರೋಗಿಯ ಕಥೆ ಹೇಳಿದರು. ಬಾಸ್ಟನ್ನಿನ ಬಡ ಕೇರಿಯ ಹುಡುಗ. ಹದಿನೈದನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯ ಕಸಿ ಮಾಡಿ ಗುಣಪಡಿಸಿದರು. ವೈದ್ಯ ವಿಜ್ಞಾನದ ದೊಡ್ಡ ಗೆಲುವು ಅದು. ಆದರೆ ಅವನು ಮರಳಿ ಹೋದದ್ದು ಮಾದಕ ವಸ್ತು, ಬಂದೂಕು, ನಿರುದ್ಯೋಗಗಳೇ ತುಂಬಿದ ಅದೇ ಬೀದಿಗೆ. ವರ್ಷಗಳ ಮೇಲೆ, ಹತೋಟಿಗೆ ಬಾರದ ಮಧುಮೇಹದಿಂದ ಬೀದಿಯ ಮೂಲೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಮತ್ತೆ ಮೊದಲಿನಂತಾಗಲಿಲ್ಲ. ಮೂವತ್ತೇಳನೆಯ ವಯಸ್ಸಿಗೆ ತೀರಿಕೊಂಡ.

ಸಂತೋಷದ ದಿನ ಇಂಥ ಕಥೆ ಹೇಳಬೇಕೇ ಎಂದು ಯಾರಾದರೂ ಕೇಳಬಹುದು. ಬರ್ವಿಕ್ ಹೇಳಿದ್ದರ ತಾತ್ಪರ್ಯ ಇಷ್ಟೇ: ರೋಗ ವಾಸಿ ಮಾಡುವುದು ಅರ್ಧ ಕೆಲಸ, ಆ ರೋಗಿ ಬದುಕುವ ಬೀದಿಯ ಬಗ್ಗೆ ದನಿಯೆತ್ತುವುದು ಇನ್ನರ್ಧ. ಹಸಿರು ಅಂಚಿನ ಪಟ್ಟಿ ತೊಟ್ಟ ದಿನವೇ ಅದನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

ಹಲ್ಲೇಗೆರೆಯಿಂದ ಮಯಾಮಿಗೆ

ಈ ಸಾಲಿನಲ್ಲಿ ಒಬ್ಬ ಕನ್ನಡ ಮೂಲದವರೂ ಇದ್ದಾರೆ. ಡಾ. ವಿವೇಕ್ ಮೂರ್ತಿ. ತಂದೆಯ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ವಿವೇಕ್ ಹುಟ್ಟಿದ್ದು 1977ರಲ್ಲಿ ಇಂಗ್ಲೆಂಡಿನಲ್ಲಿ, ಬೆಳೆದದ್ದು ಅಮೆರಿಕದ ಮಯಾಮಿಯಲ್ಲಿ. ಅಪ್ಪ ರೋಗಿಗಳನ್ನು ನೋಡುವುದು, ಅಮ್ಮ ಚಿಕಿತ್ಸಾಲಯದ ಆಡಳಿತ ನೋಡಿಕೊಳ್ಳುವುದು, ಮಕ್ಕಳು ಬಿಡುವಿದ್ದಾಗ ಅಲ್ಲೇ ಸಣ್ಣಪುಟ್ಟ ಕೆಲಸ ಮಾಡುವುದು. 2014ರ ಕೊನೆಯಲ್ಲಿ, ಮೂವತ್ತೇಳರ ವಯಸ್ಸಿಗೆ, ಅವರು ಅಮೆರಿಕದ ಸರ್ಜನ್ ಜನರಲ್ ಆದರು. 2021ರಿಂದ 2025ರ ಜನವರಿಯವರೆಗೆ ಎರಡನೆಯ ಬಾರಿಯೂ ಅದೇ ಹುದ್ದೆಯಲ್ಲಿದ್ದರು.

ಅವರು ನೆನಪಿಸಿಕೊಂಡಿರುವ ಒಂದು ರಾತ್ರಿಯಿದೆ. ತಂದೆಯ ರೋಗಿಯೊಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿ ಒಬ್ಬರೇ ಇರುತ್ತಾರೆಂದು ಮೂರ್ತಿ ದಂಪತಿ ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಆಕೆ ಇದ್ದದ್ದು ಗಾಲಿಮನೆಯೊಂದರಲ್ಲಿ. ಸೀರೆಯುಟ್ಟ ಅಮ್ಮ ಆ ಮನೆಯ ಮೆಟ್ಟಿಲು ಹತ್ತಿ, ಅಳುತ್ತಿದ್ದ ಹೆಂಗಸನ್ನು ತಬ್ಬಿಕೊಂಡದ್ದನ್ನು ಹುಡುಗ ನೋಡಿದ. ಮುಂದೆ 2023ರಲ್ಲಿ ಒಂಟಿತನವೂ ಒಂದು ಸಾರ್ವಜನಿಕ ಆರೋಗ್ಯ ಸಮಸ್ಯೆ ಎಂದು ದೇಶಕ್ಕೇ ಎಚ್ಚರಿಕೆ ಕೊಟ್ಟ ಸರ್ಜನ್ ಜನರಲ್ ಇವರೇ. ಆ ವರದಿಯ ಒಂದು ಬೇರು ಆ ರಾತ್ರಿಯಲ್ಲಿದೆ ಎಂದರೆ ತಪ್ಪಾಗಲಾರದು.

ಹೆತ್ತವರಿಗೆ ಎರಡು ಮಾತು

ಈ ಆರು ಮಂದಿಯ ದಾರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಮಾನ ಅಂಶ ಕಾಣುತ್ತದೆ. ಬಿಳಿ ಕೋಟು ತೊಡುವುದಕ್ಕೆ ಬಹಳ ಮೊದಲೇ ಪ್ರತಿಯೊಬ್ಬರಿಗೂ ಯಾರೋ ಏನನ್ನೋ ತೋರಿಸಿದ್ದರು. ಒಬ್ಬ ಗುರು ಸೂಕ್ಷ್ಮದರ್ಶಕ ತೋರಿಸಿದ. ಒಬ್ಬ ಅಪ್ಪ ಔಷಧದ ಪೊಟ್ಟಣ ಕೈಗೆ ಕೊಟ್ಟು ಕಳಿಸಿದ. ಒಬ್ಬ ಅಮ್ಮ ನಡುರಾತ್ರಿ ಎಬ್ಬಿಸಿ ಸಾವಿನ ಮನೆಗೆ ಕರೆದೊಯ್ದಳು. ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಅಜ್ಜಿಗೆ ಕಾಯಿಲೆ ಎಂಬ ಸುದ್ದಿಯನ್ನೂ ಮಗುವಿನಿಂದ ಮುಚ್ಚಿಡುವ ಮನೆಗಳಿವೆ. ಡಾಕ್ಟರಾಗಲೆಂದು ಕೋಚಿಂಗಿಗೆ ಕಳಿಸಿದ ಮಗ ರೋಗಿಯೊಬ್ಬರ ಪಕ್ಕ ಹತ್ತು ನಿಮಿಷವೂ ಕುಳಿತಿರುವುದಿಲ್ಲ. ಅಜ್ಜಿಗೆ ಮಾತ್ರೆ ಕೊಡುವ ಕೆಲಸವನ್ನು ಅವನಿಗೆ ವಹಿಸಿ ನೋಡಿ. ಅದರಿಂದ ರ‍್ಯಾಂಕೇನೂ ಕೆಳಗಿಳಿಯದು. ಈ ಕೆಲಸ ಅವನಿಗೆ ಹಿಡಿಸುತ್ತದೆಯೇ ಎಂಬುದು ಅವನಿಗೂ ನಿಮಗೂ ತಿಳಿಯುತ್ತದೆ.

ಎರಡನೆಯದು, ಆ ಹದಿನೈದು ಜನರ ಲೆಕ್ಕ. ರಾಜ್ಯದಲ್ಲಿ 1996ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದ ಹೆಸರಿನಲ್ಲಿರುವುದು ‘ಆರೋಗ್ಯ ವಿಜ್ಞಾನಗಳು’ ಎಂಬ ಬಹುವಚನ. ನರ್ಸಿಂಗ್, ಫಾರ್ಮಸಿ, ಫಿಸಿಯೊಥೆರಪಿ, ಪ್ರಯೋಗಾಲಯ ತಂತ್ರಜ್ಞಾನ ಎಲ್ಲವೂ ಅದರೊಳಗಿವೆ. ಎಂಬಿಬಿಎಸ್ ಸೀಟು ತಪ್ಪಿದ ಮಗಳು ನರ್ಸಿಂಗ್ ಓದುತ್ತೇನೆಂದರೆ ನೆಂಟರ ಮುಂದೆ ತಲೆತಗ್ಗಿಸುವವರು, ತಾವೇ ಆಸ್ಪತ್ರೆ ಸೇರಿದ ರಾತ್ರಿ ಯಾರನ್ನು ಕರೆಯುತ್ತಾರೆಂದು ಒಮ್ಮೆ ಯೋಚಿಸಬೇಕು. ಕಾಲೇಜಿನ ವೇದಿಕೆಯ ಮೇಲೆ ಹಸಿರು ಅಂಚಿನ ಪಕ್ಕದಲ್ಲೇ ಏಪ್ರಿಕಾಟ್ ಬಣ್ಣದ ಅಂಚೂ ಇರುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ‘ಡಾಕ್ಟರೇ, ಒಂದು ಬಟ್ಟೆ ಲೆಕ್ಕಕ್ಕೆ ಕಡಿಮೆ ಬರುತ್ತಿದೆ’ ಎಂದು ಹೇಳಿ ಜೀವ ಉಳಿಸುವವಳು ಆಕೆಯೇ ಆಗಿರಬಹುದು.